ಬಳ್ಳಾರಿ ಬಿಸಿಲಿನಲ್ಲಿ ಒಂದು ಎಸ್ಟಿ ಆರ್ಗನ್ ರಿಪೇರಿ

ಹಳೇ ಆರ್ಗನ್ ಕೆಟ್ಟಿದೆ ಅಂದ ಕೂಡಲೇ ಎಲ್ಲರ ಕಣ್ಣೂ ರೀಡುಗಳ ಮೇಲೆ, ಅಂದರೆ ಗಾಳಿಗೆ ಅದುರಿ ಸ್ವರ ಕೊಡುವ ಲೋಹದ ನಾಲಿಗೆಗಳ ಮೇಲೆ, ಬೀಳುತ್ತದೆ. ಮನೆ (ಬೆರಳಿನಿಂದ ಒತ್ತುವ ಪಟ್ಟಿ) ಒತ್ತಿದರೆ ಸ್ವರ ಬರುತ್ತಿಲ್ಲ, ಹಾಗಾದರೆ ರೀಡು ಹೋಗಿದೆ ಅಂತ ಲೆಕ್ಕ. ಬಹುತೇಕ ಸಲ ರೀಡು ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದು ಹಿತ್ತಾಳೆ. ನೂರು ವರ್ಷ ಸುಮ್ನೆ ಕೂತರೂ ಅದಕ್ಕೆ ಹೆಚ್ಚೇನೂ ಆಗುವುದಿಲ್ಲ. ಹಾಳಾಗುವುದು ಬಟ್ಟೆ, ಚರ್ಮ, ಅಂಟು, ಮರ. ಅಂದರೆ ಗಾಳಿ ಹಿಡಿದಿಡುವ ಭಾಗಗಳು. ಹಾಗಾಗಿ ಈ ಬರಹದಲ್ಲಿ ಸಂಗೀತಕ್ಕಿಂತ ಗಾಳಿಯ ಮಾತೇ ಜಾಸ್ತಿ.

ವಾದ್ಯ ಬಳ್ಳಾರಿಯ ಒಂದು ಹಳೇ ಚರ್ಚಿನದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಈ ಊರಿಗೆ ಬಂದು, ಇಲ್ಲಿದ್ದುಕೊಂಡೇ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತವರು. ಜೊತೆಗೆ ಕಂಟೋನ್ಮೆಂಟಿನ ದಂಡು. ಹಾಗಾಗಿ ಬಳ್ಳಾರಿಯಲ್ಲಿ ಹಳೇ ಚರ್ಚುಗಳಿಗೆ ಕೊರತೆಯಿಲ್ಲ. ಈ ಚರ್ಚಿನ ಆರ್ಗನ್ ಮೇಲೆ ವರ್ಷಗಳಿಂದ ಹೂದಾನಿ, ಹಾಡಿನ ಪುಸ್ತಕ, ಮೈಕಿನ ವೈರು ಎಲ್ಲ ಕೂತಿದ್ದವು. ಮುಂದಿನ ಹಲಗೆಯ ಮೇಲೆ ಎಸ್ಟಿ ಎಂಬ ಕಂಪನಿಯ ಹೆಸರು, ಅಮೆರಿಕದ ವರ್ಮಾಂಟ್ ರಾಜ್ಯದ ಬ್ರ್ಯಾಟಲ್‌ಬರೊ ಊರು. ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ರೀಡ್ ಆರ್ಗನ್‌ಗಳು ತಯಾರಾಗಿ ದೇಶದೇಶಗಳಿಗೆ ಹೋಗಿವೆ. ಅಪರೂಪದ ವಾದ್ಯವಲ್ಲ. ಆದರೆ ಒಳ್ಳೆ ವಾದ್ಯ.

ಚರ್ಚ್ ಆರ್ಗನ್ ಅಂದರೆ ಪೈಪುಗಳಿರಬೇಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಪೈಪ್ ಆರ್ಗನ್ ದೊಡ್ಡ ಊರುಗಳ ಕೆಥೆಡ್ರಲ್ಲಿಗೆ ಸರಿ. ದುಡ್ಡಿನ ಮಾತು ಬಿಡಿ, ಇಲ್ಲಿಯ ಹವೆಗೇ ಅದು ಹೊಂದುವುದು ಕಷ್ಟ. ಪೈಪಿನೊಳಗೆ ಕಂಪಿಸುವುದು ಗಾಳಿ. ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಪೈಪಿನ ಉದ್ದ ಅಷ್ಟೇ ಇರುತ್ತದೆ, ಶ್ರುತಿ ಮಾತ್ರ ಮೇಲೇರುತ್ತದೆ. ಡಿಸೆಂಬರಿನ ಬೆಳಗ್ಗೆ ಶ್ರುತಿ ಮಾಡಿದ್ದನ್ನು ಮೇ ತಿಂಗಳ ಮಧ್ಯಾಹ್ನ ನುಡಿಸಿದರೆ ಪಕ್ಕದ ಮನೆಯ ಸ್ವರಕ್ಕೆ ಇರುವ ಅಂತರದಲ್ಲಿ ಅರ್ಧಕ್ಕಿಂತ ಜಾಸ್ತಿ ಏರಿರುತ್ತದೆ. ಅದೇ ಪೈಪ್ ಆರ್ಗನ್ನಿನಲ್ಲಿ ರೀಡಿನ ಪೈಪುಗಳೂ ಇದ್ದರೆ ಅವು ಅಷ್ಟು ಏರುವುದಿಲ್ಲ. ಒಂದೇ ವಾದ್ಯದೊಳಗೇ ಜಗಳ ಶುರು. ನಮ್ಮ ಕಾಲುಪೆಟ್ಟಿಗೆಗೆ, ಅಂದರೆ ತುಳಿದು ನುಡಿಸುವ ಈ ರೀಡ್ ಆರ್ಗನ್ನಿಗೆ, ಆ ತಾಪತ್ರಯವಿಲ್ಲ. ಅದರ ಶ್ರುತಿ ಹಿತ್ತಾಳೆ ನಾಲಿಗೆಯ ಉದ್ದ, ದಪ್ಪ, ಬಿಗುವಿನ ಮೇಲೆ ನಿಂತಿದೆ. ಬಳ್ಳಾರಿಯ ಬಿಸಿಲಿಗೆ ಅದು ಅಲುಗುವುದು ತೀರಾ ಕಡಿಮೆ. ನನ್ನನ್ನು ಕೇಳಿದರೆ ಈ ಸೀಮೆಯ ಚರ್ಚಿಗೆ ರೀಡ್ ಆರ್ಗನ್ನೇ ಸರಿಯಾದ ವಾದ್ಯ. ಪೈಪಿಗೆ ಗತಿಯಿಲ್ಲದೆ ಇಟ್ಟುಕೊಂಡಿದ್ದು ಅಂತ ಅದನ್ನು ಕೀಳಾಗಿ ನೋಡಬೇಕಿಲ್ಲ.

ಊದುವ ಪೆಟ್ಟಿಗೆ, ಎಳೆಯುವ ಪೆಟ್ಟಿಗೆ

ಇದೊಂದು ವಿಷಯ ತಲೆಯಲ್ಲಿ ಕೂರದೆ ಈ ವಾದ್ಯಕ್ಕೆ ಕೈ ಹಾಕಬಾರದು.

ಹಾರ್ಮೋನಿಯಂಗೆ ಆ ಹೆಸರು ಹಾಕಿ ಪೇಟೆಂಟ್ ಪಡೆದವರು ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೈನ್, 1842ರಲ್ಲಿ. ಅದು ಗಾಳಿಯನ್ನು ತಿದಿಯಿಂದ (ಮಡಿಕೆಗಳಿರುವ ಗಾಳಿಚೀಲದಿಂದ) ರೀಡಿನತ್ತ ಹೊರಗೆ ತಳ್ಳುವ ವಾದ್ಯ. ನಮ್ಮ ಮನೆಗಳಲ್ಲಿರುವ ಕೈಪೇಟಿಯೂ ಹಾಗೆಯೇ. ನಮ್ಮ ಕಡೆ ಕಂಪನಿ ನಾಟಕಗಳಲ್ಲಿ ರಂಗದ ಮುಂದೆ ಇಡುತ್ತಿದ್ದ ಕಾಲುಹಾರ್ಮೋನಿಯಂ ಕೂಡ ಬಹುಪಾಲು ಇದೇ ಜಾತಿ. ಅಮೆರಿಕದ ಆರ್ಗನ್ ಇದಕ್ಕೆ ತದ್ವಿರುದ್ಧ. ಅದರ ಪೆಡಲ್ ತುಳಿದಾಗ ಎರಡು ಚಿಕ್ಕ ತಿದಿಗಳು ದೊಡ್ಡ ತಿದಿಯೊಳಗಿನ ಗಾಳಿಯನ್ನು ಎಳೆದು ಹೊರಹಾಕುತ್ತವೆ. ಒಳಗೆ ಒತ್ತಡ ತಗ್ಗುತ್ತದೆ. ಮನೆ ಒತ್ತಿದರೆ ಹೊರಗಿನ ಗಾಳಿ ರೀಡಿನ ಮೂಲಕ ಒಳಗೆ ನುಗ್ಗುತ್ತದೆ. ಕೈಪೇಟಿಗಿಂತ ಇದರ ನಾದ ಮೆತ್ತಗೆ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ನಮ್ಮ ಭಾಗದಲ್ಲಿ ಪೇಟಿ ರಿಪೇರಿ ಮಾಡುವವರಿಗೆ ತಳ್ಳುವ ವಾದ್ಯ ಕೈಗೆ ಹತ್ತಿದೆ. ಅದೇ ಅಭ್ಯಾಸದಲ್ಲಿ ಎಳೆಯುವ ವಾದ್ಯಕ್ಕೆ ತೇಪೆ ಹಾಕಿದರೆ ಕೆಲಸ ಕೆಡುತ್ತದೆ. ಈ ಆರ್ಗನ್ನಿಗೆ ಹಿಂದೆ ಯಾರೋ ಒಬ್ಬರು ರಿಪೇರಿ ಮಾಡಿದ್ದರು. ತಿದಿಯ ತೂತುಗಳಿಗೆ ರೆಕ್ಸಿನ್ ತುಂಡುಗಳನ್ನು ಒಳಗಿನಿಂದ ಅಂಟಿಸಿದ್ದರು. ತಳ್ಳುವ ತಿದಿಗೆ ಅದು ಸರಿ, ಒಳಗಿನ ಒತ್ತಡವೇ ತೇಪೆಯನ್ನು ತೂತಿಗೆ ಒತ್ತಿ ಹಿಡಿಯುತ್ತದೆ. ಎಳೆಯುವ ತಿದಿಯಲ್ಲಿ ಹೊರಗಿನ ಗಾಳಿ ಆ ತೂತಿನಿಂದಲೇ ನುಗ್ಗಿ ತೇಪೆಯನ್ನು ಕಿತ್ತು ಒಳಗೆ ಉದುರಿಸುತ್ತದೆ. ಇಲ್ಲಿ ತೇಪೆ ಹೊರಗಿನಿಂದಲೇ ಹಾಕಬೇಕು. ಆಗ ಹೊರಗಿನ ಗಾಳಿಯೇ ಅದನ್ನು ಒತ್ತಿಕೊಂಡಿರುತ್ತದೆ. ತಿದಿ ಬಿಚ್ಚಿದಾಗ ತಳದಲ್ಲಿ ಆ ರೆಕ್ಸಿನ್ ತುಂಡುಗಳೆಲ್ಲ ಬಿದ್ದಿದ್ದವು, ಜೊತೆಗೆ ಇಲಿಯ ಹಿಕ್ಕೆ, ಹಳೇ ಆರ್ಡರ್ ಆಫ್ ಸರ್ವಿಸ್ ಚೀಟಿಗಳ ಚೂರು.

ಇಲಿಯ ಮಾತು ಬಂತಲ್ಲ, ಒಂದು ತಮಾಷೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಆರ್ಗನ್ ಕಂಪನಿಗಳು ‘ಇಲಿ ನುಗ್ಗದ ಪೆಡಲ್’ ಅಂತ ಜಾಹೀರಾತು ಕೊಡುತ್ತಿದ್ದವು. ಪೆಡಲಿನ ಹಿಂದಿನ ಸಂದನ್ನು ತಗಡಿನಿಂದ ಮುಚ್ಚುವ ಉಪಾಯ. ನಮ್ಮ ವಾದ್ಯಕ್ಕೆ ಅದಿರಲಿಲ್ಲ, ಅಥವಾ ಯಾವಾಗಲೋ ಕಳಚಿ ಹೋಗಿತ್ತು. ನಾನು ಸಣ್ಣ ಕಣ್ಣಿನ ತಂತಿ ಜಾಲರಿಯನ್ನು ಸ್ಕ್ರೂ ಹಾಕಿ ಕೂರಿಸಿದೆ. ಬೇಕೆಂದಾಗ ತೆಗೆಯಬಹುದು.

ತಿದಿ

ಹಿಂದಿನ ಹಲಗೆ ತೆಗೆದು, ಮೇಲಿನ ರೀಡುಗಳ ಭಾಗವನ್ನು ಹಾಗೇ ಎತ್ತಿ ಬದಿಗಿಟ್ಟರೆ ತಿದಿ ಸಿಗುತ್ತದೆ. ಎತ್ತುವ ಮೊದಲು ಪ್ರತಿ ಸ್ಕ್ರೂ, ಪ್ರತಿ ಕಡ್ಡಿಯ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಕ್ರೂಗಳನ್ನು ರಟ್ಟಿನ ಮೇಲೆ ಅವುಗಳ ಜಾಗ ಬರೆದು ಚುಚ್ಚಿಡಿ. ಹಳೇ ಸ್ಕ್ರೂ ಅದರ ಹಳೇ ತೂತಿಗೇ ಹೋಗಬೇಕು.

ದೊಡ್ಡ ತಿದಿಯೊಳಗೆ ಇಂಗ್ಲಿಷ್ ವಿ ಅಕ್ಷರದ ಆಕಾರದ ಉಕ್ಕಿನ ಸ್ಪ್ರಿಂಗುಗಳಿರುತ್ತವೆ. ಇವು ತಿದಿಯನ್ನು ಸದಾ ಅಗಲಿಸಿ ಹಿಡಿಯುವಂಥವು. ಬಟ್ಟೆ ಕತ್ತರಿಸುವ ಮೊದಲು ಸ್ಪ್ರಿಂಗನ್ನು ಮಡಿಸಿ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು. ಇಲ್ಲದಿದ್ದರೆ ಬಟ್ಟೆ ಸಡಿಲಾದ ಕ್ಷಣಕ್ಕೆ ಅದು ಹಾರಿ ಮುಖಕ್ಕೋ ಕೈಗೋ ಬಡಿಯುತ್ತದೆ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಒಬ್ಬರು ಹಿಡಿಯಲು, ಒಬ್ಬರು ಕಟ್ಟಲು ಇರಲಿ.

ಹಳೇ ಬಟ್ಟೆ ಹತ್ತಿಯದು, ಒಂದು ಮಗ್ಗುಲಿಗೆ ರಬ್ಬರ್ ಹಚ್ಚಿದ್ದು. ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮಡಿಕೆಗಳ ಸಾಲಿನಲ್ಲಿ ರಬ್ಬರ್ ಪೂರ್ತಿ ಪುಡಿಯಾಗಿತ್ತು. ಇದಕ್ಕೆ ತೇಪೆ ಹಾಕುವುದು ಸುಮ್ನೆ ದುಡ್ಡು ದಂಡ. ಪೂರ್ತಿ ಬದಲಿಸಲೇಬೇಕು.

ಯಾವ ಬಟ್ಟೆ? ಬಳ್ಳಾರಿ ಜೀನ್ಸಿನ ಊರು, ಡೆನಿಮ್ ಹಾಕಿಬಿಡಿ ಅಂದವರೂ ಇದ್ದರು. ಗಟ್ಟಿ ಏನೋ ಹೌದು. ಆದರೆ ದಪ್ಪ ನೇಯ್ಗೆ, ಮಡಿಕೆಯಲ್ಲಿ ಬಾಗುವುದಿಲ್ಲ, ಗಾಳಿ ದಾರಗಳ ನಡುವೆ ಸಲೀಸಾಗಿ ತೂರುತ್ತದೆ. ರೆಕ್ಸಿನ್ ಬಿಸಿಲಿಗೆ ಬಿಗಿಯುತ್ತದೆ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಆಸ್ಪತ್ರೆ ಮಂಚಕ್ಕೆ ಹಾಸುವ ರಬ್ಬರ್ ಶೀಟು ತೀರಾ ದಪ್ಪ. ಕೊನೆಗೆ ತೆಳುವಾದ ಹತ್ತಿಬಟ್ಟೆಗೆ ರಬ್ಬರ್ ಹಚ್ಚಿದ ತಿದಿಬಟ್ಟೆಯನ್ನೇ ಬೆಂಗಳೂರಿನ ಪರಿಚಯದವರ ಮೂಲಕ ತರಿಸಿದೆ. ಬಟ್ಟೆ ಬಂದ ಮೇಲೆ ಮಾಡಬೇಕಾದ ಪರೀಕ್ಷೆ ಸುಲಭ. ಬಾಯಿಗೆ ಬಿಗಿಯಾಗಿ ಹಿಡಿದು ಉಸಿರೆಳೆಯಿರಿ. ಸ್ವಲ್ಪವೂ ಗಾಳಿ ಬರಬಾರದು. ಆಮೇಲೆ ಒಂದು ಮೂಲೆಯನ್ನು ಚೆನ್ನಾಗಿ ಕಿವುಚಿ, ಅದೇ ಜಾಗದಲ್ಲಿ ಮತ್ತೆ ಎಳೆದು ನೋಡಿ. ಎಷ್ಟೋ ಬಟ್ಟೆ ಮೊದಲ ಪರೀಕ್ಷೆಯಲ್ಲಿ ಪಾಸಾಗಿ ಎರಡನೆಯದರಲ್ಲಿ ಬೀಳುತ್ತವೆ.

ಹಳೇ ಬಟ್ಟೆ ಬಿಡಿಸುವಾಗ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಕಾರ್ಖಾನೆಯಲ್ಲಿ ಹಚ್ಚಿದ ಅಂಟು ಪ್ರಾಣಿಚರ್ಮದ ಸರೇಸು. ಬಿಸಿನೀರಿನ ಬಟ್ಟೆ ಹಾಕಿ, ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಮೆತ್ತಗಾಗಿ ಬಟ್ಟೆ ಪಟ್ಟಿಪಟ್ಟಿಯಾಗಿ ಬಂತು. ಮರಕ್ಕೆ ಗೀರೂ ಆಗಲಿಲ್ಲ. ಆಮೇಲೆ ಬಂದವರು ಬಿಳಿ ಗೋಂದು ಹಚ್ಚಿದ್ದ ಕಡೆ ಮಾತ್ರ ಮರದ ಮೇಲ್ಪದರವೇ ಕಿತ್ತುಕೊಂಡು ಬರುತ್ತಿತ್ತು. ವಿನೆಗರ್ ಹಚ್ಚಿ, ಆವಿ ಕೊಟ್ಟು, ಇಂಚಿಂಚಾಗಿ ಕೆರೆಯಬೇಕಾಯಿತು. ವಾದ್ಯಕ್ಕೆ ಹಚ್ಚುವ ಅಂಟು ಬಿಡದಷ್ಟು ಗಟ್ಟಿಯಾಗಿರಬಾರದು. ಇನ್ನೊಂದು ಐವತ್ತು ವರ್ಷಕ್ಕೆ ಈ ಬಟ್ಟೆಯನ್ನೂ ಯಾರಾದರೂ ತೆಗೆಯಲೇಬೇಕಲ್ಲ. ನಾನು ಈ ಕೆಲಸದಲ್ಲಿ ಹಾಕಿಕೊಂಡ ನಿಯಮ ಒಂದೇ: ಬಿಚ್ಚಲು ಬರದ ಕೆಲಸ ಮಾಡಬಾರದು.

ಸರೇಸನ್ನು ನೇರ ಬೆಂಕಿಗೆ ಇಡಬಾರದು. ನೀರಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಸುಮಾರು 60 ಡಿಗ್ರಿಯಲ್ಲಿ ಕಾಯಿಸಬೇಕು. ಕುದಿಸಿದರೆ ಅದರ ಕಸುವು ಹೋಗುತ್ತದೆ. ಚಳಿ ದೇಶಗಳಲ್ಲಿ ಈ ಅಂಟಿನ ದೊಡ್ಡ ರೇಜಿಗೆ ಅಂದರೆ, ಹಚ್ಚಿ ಬಟ್ಟೆ ಕೂರಿಸುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಆ ಚಿಂತೆಯೇ ಇಲ್ಲ. ಹಚ್ಚಿದ ಅಂಟು ಸಾಕಷ್ಟು ಹೊತ್ತು ಮೆತ್ತಗೇ ಇರುತ್ತದೆ, ಮೂಲೆಗಳನ್ನು ನಿಧಾನಕ್ಕೆ ಎಳೆದು ಕೂರಿಸಬಹುದು. ಬಳ್ಳಾರಿ ಬಿಸಿಲಿನಿಂದ ಉಪಕಾರವಾದ ಜಾಗ ಇದೊಂದೇ.

ಮೂಲೆಗಳಿಗೆ ಬಟ್ಟೆಯ ಮೇಲೆ ತೆಳು ಕುರಿಚರ್ಮದ ತುಂಡು. ಚಪ್ಪಲಿಯ ಒಳಪದರಕ್ಕೆ ಹಾಕುವ ಚರ್ಮವೇ ಸಾಕು. ಅಂಚನ್ನು ಚೂರಿಯಿಂದ ಸವೆಸಿ ಕಾಗದದಷ್ಟು ತೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ಅಂಚಿನಿಂದಲೇ ಎದ್ದೇಳುತ್ತದೆ. ಇನ್ನು ಚಿಕ್ಕ ತಿದಿಗಳ ಬಾಯಿಗೆ ಇರುವ ಚರ್ಮದ ಪಟ್ಟಿಗಳು. ಇವು ಬಾಗಿಲುಗಳು: ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಹಳೇ ಪಟ್ಟಿಗಳು ಒಣಗಿ ಸುರುಳಿ ಸುತ್ತಿದ್ದವು. ಅದಕ್ಕೇ ತುಳಿದಾಗಲೆಲ್ಲ ಬುಸ್ ಅನ್ನುವ ಸದ್ದು. ಹೊಸ ಪಟ್ಟಿಯನ್ನು ತುಂಬಾ ಬಿಗಿಯಾಗಿ ಎಳೆದು ಹಾಕಬಾರದು. ಬಿಗಿಯಾದರೆ ಏಳುವುದಿಲ್ಲ, ಪೆಡಲ್ ಭಾರವಾಗುತ್ತದೆ. ಸಡಿಲಾದರೆ ಮುಚ್ಚುವಾಗ ಪಟಪಟ ಹೊಡೆಯುತ್ತದೆ. ಪಟ್ಟಿಯ ಕೆಳಗೆ ಒಂದು ಅಂಚೆ ಕಾರ್ಡು ಸಲೀಸಾಗಿ ತೂರಿದರೆ ಸರಿಯಾಗಿದೆ ಅಂತ ಲೆಕ್ಕ. ಇದು ನನ್ನ ಅಂದಾಜು, ಯಾರದೂ ಶಾಸ್ತ್ರವಲ್ಲ.

ಸೋರಿಕೆ ಹುಡುಕುವ ಹೊತ್ತು

ತಿದಿ ಕೂರಿಸಿ ತುಳಿದರೆ ಒಳಗೆ ಒತ್ತಡ ಎಷ್ಟು ಇಳಿಯುತ್ತಿದೆ ಅಂತ ಅಳೆಯಬೇಕು. ಅದಕ್ಕೆ ದುಬಾರಿ ಮೀಟರ್ ಬೇಡ. ಗಾರೆ ಕೆಲಸದವರ ಲೆವೆಲ್ ಪೈಪು ಸಾಕು. ಆ ಪಾರದರ್ಶಕ ಪೈಪನ್ನು ಹಲಗೆಗೆ ಇಂಗ್ಲಿಷ್ ಯು ಆಕಾರದಲ್ಲಿ ಕಟ್ಟಿ, ಅರ್ಧ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ತಿದಿಯ ತೂತಿಗೆ ಸೇರಿಸಿ. ತುಳಿದಾಗ ಒಂದು ಕಡೆ ನೀರು ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಎರಡರ ನಡುವಿನ ಎತ್ತರವೇ ಲೆಕ್ಕ. ಪೈಪ್ ಆರ್ಗನ್ ಕಟ್ಟುವವರೂ ಗಾಳಿಯ ಒತ್ತಡವನ್ನು ಹೀಗೇ ನೀರಿನ ಇಂಚಿನಲ್ಲಿ ಹೇಳುತ್ತಾರೆ. ನಮ್ಮದು ಮೂರು ಇಂಚಿನ ಆಸುಪಾಸು ನಿಂತಿತು. ಸಾಕು.

ಆದರೆ ನಿಂತಿದ್ದು ಎಷ್ಟು ಹೊತ್ತು? ತುಳಿಯುವುದು ಬಿಟ್ಟ ಕೂಡಲೇ ನೀರು ಸಮಕ್ಕೆ ಬಂದುಬಿಡುತ್ತಿತ್ತು. ತಿದಿ ಹೊಸದು, ಹಾಗಾದರೆ ಸೋರಿಕೆ ಮೇಲೆ, ಮರದಲ್ಲಿ.

ಸೋರಿಕೆ ಹುಡುಕಲು ಊದಿನಕಡ್ಡಿಗಿಂತ ಒಳ್ಳೆ ಸಾಧನ ನಾನು ಕಂಡಿಲ್ಲ. ಒಬ್ಬರು ತುಳಿಯುತ್ತಿರಬೇಕು, ಇನ್ನೊಬ್ಬರು ಕಡ್ಡಿಯನ್ನು ಸಂದುಗಳ ಪಕ್ಕ ನಿಧಾನಕ್ಕೆ ಒಯ್ಯಬೇಕು. ಫ್ಯಾನ್ ಬಂದ್. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಒಂದು ಜಾಗದಲ್ಲಿ ಸಟಕ್ಕನೆ ಬಾಗಿ ಮರದೊಳಗೆ ಹೋಗುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು. ಚರ್ಚಿನ ಪಾದ್ರಿ ಅಯ್ಯನವರು ಬಂದು ಮೂಗು ಅರಳಿಸಿ, “ಏನ್ರೀ, ನಮ್ಮ ಆರ್ಗನ್ನಿಗೆ ಪೂಜೆ ಮಾಡ್ತಿದ್ದೀರಾ?” ಅಂತ ನಕ್ಕರು. ಗುರುತುಗಳನ್ನು ನೋಡಿದ ಮೇಲೆ ಅವರೇ ಕೂತು ತುಳಿದುಕೊಟ್ಟರು.

ದೊಡ್ಡ ಸೋರಿಕೆ ಸಿಕ್ಕಿದ್ದು ರೀಡುಗಳ ಕೆಳಗಿನ ನಾದದ ಹಲಗೆಯಲ್ಲಿ. ಎಳೆಯ ಉದ್ದಕ್ಕೂ ಒಂದು ಬಿರುಕು. ಒಂದು ಗೇಣಿಗಿಂತ ಉದ್ದ, ಅಗಲ ಒಂದು ರಟ್ಟು ತೂರುವಷ್ಟು. ಎಷ್ಟೋ ಬೇಸಿಗೆಗಳ ಒಣಹವೆಗೆ ಮರ ಕುಗ್ಗಿ ಸೀಳಿದೆ. ಇಲ್ಲಿ ನನಗೂ ಬಡಿಗೇರ ತಾತನಿಗೂ ಸ್ವಲ್ಪ ಮಾತಾಯಿತು.

“ಏನಪ್ಪಾ, ಸಂದು ಬಿಟ್ಟೈತೆ, ಒಂದು ಚಕ್ಕೆ ಹೊಡೆದು ಉಜ್ಜಿದ್ರೆ ಮುಗೀತಲ್ಲ?” ಅಂದರು ತಾತ.

“ತಾತ, ಈಗ ಬೇಸಿಗೆ. ಸಂದು ಈಗ ಪೂರ್ತಿ ತೆರೆದೈತೆ. ಈಗ ತುಂಬಿದ್ರೆ ಮಳೆಗಾಲದಾಗ ಮರ ಉಬ್ಬಿದಾಗ ಎಲ್ಲಿಗೆ ಹೋಗ್ಬೇಕು?”

ತಾತ ಹಲಗೆಯನ್ನು ತಿರುಗಿಸಿ, ಉಗುರಿನಿಂದ ಬಿರುಕಿನ ಉದ್ದಕ್ಕೂ ಗೀರಿ ನೋಡಿದರು. ಬಾಗಿಲ ಚೌಕಟ್ಟಿಗೆ ಮರ ಕೂರಿಸಿ ಜೀವ ತೇಯ್ದ ಕೈ, ಹೇಳಿದ್ದು ತಕ್ಷಣ ಹೊಳೆಯಿತು. “ಹಂಗಾದ್ರೆ ಪಕ್ಕದಾಗ ಹೊಸ ಸಂದು ಬಿಡ್ತೈತೆ” ಅಂದರು. ಅಷ್ಟೇ ಮಾತು. ಬಿರುಕಿನೊಳಗೆ ಏನೂ ತುರುಕಲಿಲ್ಲ. ಕೆಳಮಗ್ಗುಲಿಗೆ ಎರಡು ಬೆರಳಗಲದ ಕುರಿಚರ್ಮದ ಪಟ್ಟಿಯನ್ನು ಸರೇಸಿನಿಂದ ಅಂಟಿಸಿದೆವು. ಸಂದಿನ ಮೇಲೆ ಮಾತ್ರ ಅಂಟು ಹಾಕದೆ ಸ್ವಲ್ಪ ಸಡಿಲ ಬಿಟ್ಟೆವು. ಮರ ಹಿಗ್ಗಿದರೆ ಹಿಗ್ಗಲಿ, ಕುಗ್ಗಿದರೆ ಕುಗ್ಗಲಿ, ಚರ್ಮ ಅದರ ಜೊತೆ ಹೋಗುತ್ತದೆ. ಈ ಒಂದು ಪಟ್ಟಿಯಿಂದಲೇ ಅರ್ಧಕ್ಕರ್ಧ ಸೋರಿಕೆ ನಿಂತಿತು.

ಉಳಿದದ್ದು ಚಿಲ್ಲರೆ: ಎರಡು ಮರ ಸೇರುವ ಕಡೆ ಹಳೇ ಚರ್ಮದ ಪಟ್ಟಿ ಬಿಗಿತು ಹೋಗಿತ್ತು, ಬದಲಾಯಿಸಿದೆ. ಕೆಲವು ಮುಚ್ಚಳಗಳ ಉಣ್ಣೆಯನ್ನು ಹುಳ ತಿಂದಿತ್ತು. ಮನೆಯ ಕೆಳಗಿನ ಈ ಮರದ ಮುಚ್ಚಳ ಸರಿಯಾಗಿ ಕೂರದಿದ್ದರೆ ಕೈ ತೆಗೆದ ಮೇಲೂ ಸ್ವರ ಕೂಗುತ್ತಲೇ ಇರುತ್ತದೆ. ಪ್ರಸಂಗದ (ಚರ್ಚಿನ ಉಪದೇಶದ) ಮಧ್ಯೆ ಹಾಗೆ ಕೂಗಿದ್ದಕ್ಕೇ ಈ ವಾದ್ಯಕ್ಕೆ ಬೀಗ ಬಿದ್ದಿತ್ತಂತೆ. ಕೊನೆಗೆ ತುಳಿದು ಬಿಟ್ಟರೆ ಅರ್ಧ ನಿಮಿಷ ದಾಟಿಯೂ ನೀರು ಎರಡು ಕಡೆ ಸಮವಾಗಲಿಲ್ಲ.

ರೀಡುಗಳು

ಮನೆಗಳು 61. ರೀಡಿನ ಸಾಲು ಎರಡು. ಅಲ್ಲಿಗೆ 122 ರೀಡು. ಒಂದು ಸಾಲು ಎಂಟಡಿಯದು, ಒಂದು ನಾಲ್ಕಡಿಯದು. ಇದು ರೀಡಿನ ಉದ್ದವಲ್ಲ, ಪೈಪ್ ಆರ್ಗನ್ನಿನಿಂದ ಬಂದ ಲೆಕ್ಕ. ಅಲ್ಲಿ ಎಂಟಡಿ ಉದ್ದದ ತೆರೆದ ಪೈಪು ಕೊಡುವುದು ಬಿಳಿ ಒಂದರ (ಇಂಗ್ಲಿಷಿನ ಸಿ) ಮಂದ್ರ ಸ್ವರ, ಸುಮಾರು 65 ಹರ್ಟ್ಸ್. ಅದೇ ಸ್ವರವನ್ನು ಇಲ್ಲಿ ಬೆರಳುದ್ದದ ಹಿತ್ತಾಳೆ ನಾಲಿಗೆ ಕೊಡುತ್ತದೆ. ನಾಲ್ಕಡಿಯದು ಒಂದು ಸಪ್ತಕ ಮೇಲೆ.

ಕೈಪೇಟಿಯ ರೀಡನ್ನು ಹಲಗೆಗೆ ಸ್ಕ್ರೂ ಅಥವಾ ಮೊಳೆ ಹಾಕಿ ಕೂರಿಸಿರುತ್ತಾರೆ. ಇಲ್ಲಿ ಹಾಗಲ್ಲ. ಪ್ರತಿ ರೀಡಿಗೂ ಮರದಲ್ಲಿ ಒಂದು ಚಿಕ್ಕ ಗೂಡು, ರೀಡು ಅದರೊಳಗೆ ಜಾರಿ ಕೂರುತ್ತದೆ. ಹಿಂಬದಿಯಲ್ಲಿ ಒಂದು ಕಚ್ಚು. ಆ ಕಚ್ಚಿಗೆ ಸಣ್ಣ ಕೊಕ್ಕೆ ಹಾಕಿ ಎಳೆದರೆ ಹೊರಬರುತ್ತದೆ. ಕೊಕ್ಕೆ ವಾದ್ಯದೊಳಗೇ ಒಂದು ಮೂಲೆಯಲ್ಲಿ ಸಿಕ್ಕಿಸಿದ್ದು ಹಾಗೇ ಇತ್ತು. ಇಕ್ಕಳದಿಂದ ಎಳೆಯಬೇಡಿ, ನಾಲಿಗೆ ಸೊಟ್ಟಗಾಗುತ್ತದೆ. ಥರ್ಮಾಕೋಲ್ ಹಾಳೆಯಲ್ಲಿ ಸಾಲಾಗಿ ಗೀರು ಮಾಡಿ, ನಂಬರ್ ಹಾಕಿ, ಬಂದ ಕ್ರಮದಲ್ಲೇ ನಿಲ್ಲಿಸುತ್ತಾ ಹೋದೆ.

ಬಾಯಿ ಕಟ್ಟಿದ ರೀಡುಗಳಲ್ಲಿ ಬಹುಪಾಲಿಗೆ ಬರೀ ಧೂಳು. ಬಳ್ಳಾರಿಯ ಕೆಂಪು ಧೂಳು ಎಷ್ಟು ನುಣ್ಣಗೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ನಾಲಿಗೆಗೂ ಅದರ ಚೌಕಟ್ಟಿಗೂ ನಡುವೆ ಇರುವ ಸಂದು ಒಂದು ಕಾಗದದಷ್ಟು. ಒಂದು ಕಣ ಸಿಕ್ಕಿಕೊಂಡರೆ ನಾಲಿಗೆ ಆಡುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ, ಸ್ಪಿರಿಟ್ ಹಚ್ಚಿ, ಬುಡದಿಂದ ತುದಿಗೆ ಉಜ್ಜಬೇಕು. ಅಡ್ಡಡ್ಡ ಉಜ್ಜಬಾರದು. ಹೊಳಪು ಬರಲಿ ಅಂತ ಪಾಲಿಶ್ ಹಾಕಿ ತಿಕ್ಕುವವರಿದ್ದಾರೆ. ಆ ಪಾಲಿಶ್‌ನಲ್ಲಿ ಲೋಹ ಸವೆಸುವ ಪುಡಿ ಇರುತ್ತದೆ. ಹಿತ್ತಾಳೆ ಸವೆದರೆ ಶ್ರುತಿ ಹೋಯಿತು. ರೀಡು ಮಂಕಾಗಿದ್ದರೆ ಇರಲಿ ಬಿಡಿ, ಒಳಗೆ ಯಾರು ನೋಡುತ್ತಾರೆ?

ನಾಲಿಗೆ ಮುರಿದದ್ದು ಒಂದೇ ಒಂದು, ಅದೂ ಮಧ್ಯದ ಸಪ್ತಕದಲ್ಲಿ, ಎಂಟಡಿ ಸಾಲಿನಲ್ಲಿ. ಹೊಸ ಎಸ್ಟಿ ರೀಡು ಎಲ್ಲಿಂದ ತರುವುದು? ನಮ್ಮ ಪೇಟಿಯ ರೀಡಿನ ಚೌಕಟ್ಟು ಬೇರೆ ಅಳತೆ, ಗೂಡಿಗೆ ಹೋಗುವುದಿಲ್ಲ. ಆದರೆ ನಾಲಿಗೆ ಹಿತ್ತಾಳೆಯೇ ಅಲ್ವಾ. ಗುಜರಾತಿನ ಪಾಲಿತಾಣಾದ ರೀಡುಗಳಿಗೆ ಪೇಟಿ ಮಾಡುವವರಲ್ಲಿ ಹೆಸರಿದೆ. ಅಂಥದ್ದೇ ಒಂದು ಹಳೇ ರೀಡಿನಿಂದ, ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗಿನದನ್ನು ಆರಿಸಿ, ಅದರ ರಿವೆಟ್ ತೆಗೆದು ನಾಲಿಗೆ ಬಿಡಿಸಿದೆ. ಎಸ್ಟಿ ಚೌಕಟ್ಟಿನ ಸಂದಿಗೆ ಅದು ಒಂದು ಕೂದಲೆಳೆ ಅಗಲ. ನುಣುಪು ಅರದಿಂದ ಎರಡು ಅಂಚನ್ನೂ ಸಮವಾಗಿ ತಿಕ್ಕಿ, ಬೆಳಕಿಗೆ ಹಿಡಿದು ನೋಡುತ್ತಾ ಹೋಗಬೇಕು. ಎರಡೂ ಕಡೆ ಬೆಳಕಿನ ಗೆರೆ ಒಂದೇ ದಪ್ಪ ಕಾಣಬೇಕು. ಒಂದು ಕಡೆ ಗೆರೆ ಮಾಯವಾದರೆ ಅಲ್ಲಿ ತಾಗುತ್ತಿದೆ, ಝರ್ ಅನ್ನುತ್ತದೆ. ಹಳೇ ತೂತಿಗೇ ಹಿತ್ತಾಳೆಯ ರಿವೆಟ್ ಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ನಾಲಿಗೆಯ ತುದಿ ಸ್ವಲ್ಪ, ಬರೀ ಕಾಗದದಷ್ಟು, ಮೇಲೆದ್ದಿರಬೇಕು. ಪೂರ್ತಿ ಚಪ್ಪಟೆಯಾಗಿದ್ದರೆ ಮಾತಾಡುವುದೇ ಇಲ್ಲ, ಜಾಸ್ತಿ ಎದ್ದಿದ್ದರೆ ತಡವಾಗಿ ಮಾತಾಡುತ್ತದೆ.

ಆಮೇಲೆ ಶ್ರುತಿ. ತುದಿಯ ಹತ್ತಿರ ಕೆರೆದರೆ ನಾಲಿಗೆಯ ಭಾರ ಇಳಿದು ಸ್ವರ ಏರುತ್ತದೆ. ಬುಡದ ಹತ್ತಿರ ಕೆರೆದರೆ ಬಿಗುವು ಇಳಿದು ಸ್ವರ ತಗ್ಗುತ್ತದೆ. ಕೆಳಗಿನ ಸ್ವರದ ರೀಡನ್ನೇ ಆರಿಸಿದ್ದು ಇದಕ್ಕೇ. ತುದಿ ಕೆರೆಯುವುದು ಬುಡ ಕೆರೆಯುವುದಕ್ಕಿಂತ ಕ್ಷೇಮ, ಬುಡ ತೆಳ್ಳಗಾದ ನಾಲಿಗೆ ಅಲ್ಲೇ ಮುರಿಯುತ್ತದೆ. ಕೆರೆಯುವಾಗ ನಾಲಿಗೆಯ ಕೆಳಗೆ ತೆಳು ತಗಡು ಇಟ್ಟು ಆಧಾರ ಕೊಡಬೇಕು. ಕೆರೆದ ಕೂಡಲೇ ಅಳೆಯಬಾರದು, ಲೋಹ ಬೆರಳಿನ ಬಿಸಿ ಆರಿಸಿಕೊಳ್ಳಲಿ. ಮತ್ತು ಗೂಡಿನೊಳಗೆ ಕೂರಿಸಿಯೇ ಅಳೆಯಬೇಕು. ಕೈಯಲ್ಲಿ ಹಿಡಿದು ಊದಿದ ಶ್ರುತಿ ಬೇರೆ, ಗೂಡಿನ ಶ್ರುತಿ ಬೇರೆ.

435ರ ಜಗಳ

ಎಲ್ಲ ರೀಡೂ ಮಾತಾಡಿದ ಮೇಲೆ ಫೋನಿನ ಟ್ಯೂನರ್ ಹಿಡಿದೆವು. ತಮ್ಮತಮ್ಮಲ್ಲಿ ರೀಡುಗಳು ಚೆನ್ನಾಗಿಯೇ ಹೊಂದಿದ್ದವು. ಆದರೆ ಇಡೀ ವಾದ್ಯವೇ ಈಗಿನ ಶ್ರುತಿಗಿಂತ ತಗ್ಗು. ಈಗ ಜಗತ್ತಿನಲ್ಲಿ ಬಿಳಿ ಆರಕ್ಕೆ (ಇಂಗ್ಲಿಷಿನ ಎ) 440 ಹರ್ಟ್ಸ್ ಅಂತ ಹಿಡಿಯುತ್ತಾರೆ, 1939ರ ಲಂಡನ್ ಸಭೆಯಲ್ಲಿ ಒಪ್ಪಿದ್ದು. ಅದಕ್ಕೂ ಹಿಂದೆ ಫ್ರಾನ್ಸ್ ಸರ್ಕಾರ 1859ರಲ್ಲಿ 435 ಅಂತ ಗೊತ್ತುಮಾಡಿತ್ತು, ಆ ಅಳತೆ ಅಮೆರಿಕದಲ್ಲೂ ಓಡುತ್ತಿತ್ತು. ನಮ್ಮ ಆರ್ಗನ್ ಅದೇ 435ರಲ್ಲಿ ಕೂತಿತ್ತು. ಒಂದು ಮನೆಯ ಅಂತರದಲ್ಲಿ ಐದನೇ ಒಂದು ಪಾಲು ತಗ್ಗು. ಒಂದೇ ನುಡಿಸಿದರೆ ಯಾರಿಗೂ ತಿಳಿಯುವುದಿಲ್ಲ. ಕೀಬೋರ್ಡ್ ಜೊತೆ ನುಡಿಸಿದರೆ ಎರಡೂ ಸೇರಿ ಅಲೆಅಲೆಯಾಗಿ ಅದುರುತ್ತವೆ.

ಹಾಡಿನ ತಂಡ ನಡೆಸುವ ಅಕ್ಕನಿಗೆ ಇದೇ ಚಿಂತೆ. “ಅಣ್ಣಾ, ನಮ್ಮ ಹುಡುಗ್ರು ಕೀಬೋರ್ಡಿಗೇ ಹಾಡಿ ರೂಢಿ. ಇದನ್ನ ಸ್ವಲ್ಪ ಏರಿಸಿಬಿಡಿ. ನಿಮಗೆ ಬರುತ್ತಲ್ಲ.”

ಬರುತ್ತದೆ. 122 ನಾಲಿಗೆಯ ತುದಿಯನ್ನೂ ಕೆರೆದರೆ ಏರುತ್ತದೆ. ಆದರೆ ಕೆರೆದ ಹಿತ್ತಾಳೆಯನ್ನು ವಾಪಸ್ ಹಚ್ಚಲು ಬರುವುದಿಲ್ಲ. ಮಾಡಿದವರು ಕೊಟ್ಟ ಶ್ರುತಿ, ಇಷ್ಟು ವರ್ಷ ಬಿಸಿಲಿಗೂ ಇಲಿಗೂ ಜಗ್ಗದೆ ಉಳಿದದ್ದು. ಅದನ್ನು ಒಂದು ಕೀಬೋರ್ಡಿಗೋಸ್ಕರ ಕೆರೆಯುವುದು ನನಗೆ ಒಪ್ಪಿಗೆಯಾಗಲಿಲ್ಲ. ನಾಳೆ ಆ ಕೀಬೋರ್ಡ್ ಗುಜರಿಗೆ ಹೋಗುತ್ತದೆ.

“ಅಕ್ಕಾ, ಕೀಬೋರ್ಡನ್ನೇ ಇಳಿಸೋಣ” ಅಂದೆ. ಈಗಿನ ಬಹುತೇಕ ಕೀಬೋರ್ಡುಗಳ ಮೆನುವಿನಲ್ಲಿ ಟ್ಯೂನಿಂಗ್ ಅಂತ ಒಂದು ಜಾಗವಿರುತ್ತದೆ. ಅದರಲ್ಲಿ 440 ಇದ್ದದ್ದನ್ನು 435 ಮಾಡಿದರೆ ಆಯಿತು. ಗುಂಡಿ ಒತ್ತುವ ಕೆಲಸ. ಗಿಟಾರ್ ಹುಡುಗ ತಂತಿ ಸ್ವಲ್ಪ ಸಡಿಲಿಸಿದ. ತಬಲಾದವರಿಗೆ ಶ್ರುತಿ ಇಳಿಸುವುದು ದಿನದ ಪಾಡು. ಹಾಡುವವರಲ್ಲಿ ಯಾರಿಗೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಗೊತ್ತಾದ ಒಬ್ಬರೆಂದರೆ ಮೇಲಿನ ಸ್ವರ ಹತ್ತಲು ಒದ್ದಾಡುತ್ತಿದ್ದ ಹಿರಿಯರೊಬ್ಬರು, ಅವರಿಗೆ ಇದೇ ಖುಷಿ. ಅಕ್ಕ ಮಾತ್ರ ಪೂರ್ತಿ ಒಪ್ಪಿಲ್ಲ. ಹೊರಗಿನಿಂದ ಯಾರಾದರೂ ಕೀಬೋರ್ಡ್ ತಂದರೆ ಪ್ರತಿ ಸಲ ಈ ಸೆಟ್ಟಿಂಗ್ ಮಾಡಬೇಕಲ್ಲ ಅನ್ನುತ್ತಾರೆ. ಆ ಮಾತು ನ್ಯಾಯವೇ. ಅದಕ್ಕೇ ಮುಚ್ಚಳದ ಒಳಗೆ ‘ಶ್ರುತಿ 435, ರೀಡು ಕೆರೆಯಬೇಡಿ’ ಅಂತ ಬರೆದ ಚೀಟಿಯನ್ನು ಪಿನ್ನು ಚುಚ್ಚಿ ಇಟ್ಟಿದ್ದೇನೆ. ಯಾವ ಬಟ್ಟೆ, ಯಾವ ಅಂಟು, ಚರ್ಮದ ಪಟ್ಟಿ ಎಲ್ಲಿ ಅನ್ನುವುದೂ ಅದರಲ್ಲಿದೆ.

ಉಳಿದ ಸಣ್ಣಪುಟ್ಟ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವಾಕ್ಸ್ ಹ್ಯುಮಾನಾ ಅಂತ ಒಂದು ಗುಂಡಿ ಇದೆ. ಅದನ್ನು ಎಳೆದರೆ ರೀಡುಗಳ ಹಿಂದೆ ಒಂದು ರಟ್ಟಿನ ಪಂಖ ತಿರುಗಿ ಸ್ವರ ನಡುಗುತ್ತದೆ. ರಟ್ಟು ಹರಿದಿತ್ತು, ಮದುವೆ ಕಾರ್ಡಿನ ದಪ್ಪ ರಟ್ಟು ಕತ್ತರಿಸಿ ಹಾಕಿದೆ. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ. ದೊಡ್ಡವರ ಕೀರ್ತನೆಗಳಿಗೆ ಇದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪೆಡಲಿನ ಪಟ್ಟಿಗೆ ಟೇಲರ್ ಅಂಗಡಿಯ ದಪ್ಪ ನೂಲುಪಟ್ಟಿ. ಮೊಣಕಾಲಿನಿಂದ ತಳ್ಳಿ ಸದ್ದು ಏರಿಸುವ ಸನ್ನೆಕೋಲಿಗೆ ಹೊಸ ಉಣ್ಣೆ ಬಿಲ್ಲೆ. ಹೊರಗಿನ ಮರಕ್ಕೆ ಹೊಸ ಪಾಲಿಶ್ ಹೊಡೆಯಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿ ಸ್ವಲ್ಪ ಮೇಣ ಹಚ್ಚಿದೆವು. ಹೊಳೆಯುವ ವಾರ್ನಿಶ್ ಬೇಕು ಅಂದವರಿದ್ದರು, ಅಯ್ಯನವರು ನನ್ನ ಕಡೆ ನಿಂತರು.

ಮಾರ್ಚಿನಿಂದ ಜೂನ್‌ವರೆಗೆ ಪೆಟ್ಟಿಗೆಯೊಳಗೆ, ತಿದಿಯ ಪಕ್ಕದ ಖಾಲಿ ಜಾಗದಲ್ಲಿ, ಒಂದು ಸಣ್ಣ ಮಣ್ಣಿನ ಮಡಿಕೆಯಲ್ಲಿ ನೀರು ಇಡಬೇಕು. ಮಣ್ಣು ನೀರನ್ನು ನಿಧಾನಕ್ಕೆ ಬಿಡುತ್ತದೆ, ಮರ ತೀರಾ ಒಣಗುವುದಿಲ್ಲ. ಮಡಿಕೆಯ ಕೆಳಗೆ ತಟ್ಟೆ ಇರಲೇಬೇಕು. ಮಳೆ ಹಿಡಿದ ಮೇಲೆ ತೆಗೆದುಬಿಡಬೇಕು, ಇಲ್ಲದಿದ್ದರೆ ಬೂಸಲು. ಗೆದ್ದಲಿಗೆ ವಾದ್ಯವನ್ನು ಗೋಡೆಯಿಂದ ಒಂದು ಮೊಳ ಈಚೆ ಸರಿಸಿ, ಕಾಲುಗಳ ಕೆಳಗೆ ಕಡಪ ಕಲ್ಲಿನ ತುಂಡು ಇಟ್ಟಿದ್ದೇವೆ. ವಾರಕ್ಕೊಮ್ಮೆಯಾದರೂ ನುಡಿಸಬೇಕು. ತಿದಿಬಟ್ಟೆ ಒಂದೇ ಮಡಿಕೆಯಲ್ಲಿ ತಿಂಗಳುಗಟ್ಟಲೆ ಕೂತರೆ ಅದೇ ಗೆರೆಯಲ್ಲಿ ಸೀಳುತ್ತದೆ.

ಎರಡು ಕೆಲಸ ಬಾಕಿ ಇವೆ. ನಾಲ್ಕಡಿ ಸಾಲಿನ ಕೆಳಗಿನ ಒಂದು ರೀಡು ಮಧ್ಯಾಹ್ನದ ಬಿಸಿಗೆ ಮಾತ್ರ ಝರ್ ಅನ್ನುತ್ತದೆ, ಬೆಳಗ್ಗೆ ಸರಿ. ಗೂಡಿನ ಮರ ಒಣಗಿ ರೀಡು ಸಡಿಲಾಗುತ್ತಿದೆ ಅಂತ ನನ್ನ ಅನುಮಾನ. ಸದ್ಯಕ್ಕೆ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿದೆ, ಸುಮ್ಮನಾಗಿದೆ. ಇನ್ನೊಂದು, ನಾದದ ಹಲಗೆಯ ಆ ಚರ್ಮದ ಪಟ್ಟಿ. ಮಳೆಗಾಲದಲ್ಲಿ ಬಿರುಕು ಎಷ್ಟು ಮುಚ್ಚಿಕೊಂಡಿದೆ, ಪಟ್ಟಿ ಎಲ್ಲಾದರೂ ಎದ್ದಿದೆಯಾ ಅಂತ ಅಕ್ಟೋಬರಿನಲ್ಲಿ ಮತ್ತೆ ಊದಿನಕಡ್ಡಿ ಹಿಡಿದು ನೋಡಬೇಕು. ಬಡಿಗೇರ ತಾತನೂ ಬರುತ್ತೇನೆ ಅಂದಿದ್ದಾರೆ.